ಇಂಜಿನ್ ಚೆನ್ನಾಗಿದೆ, ಗಾಡಿ ಜಗ್ತಾ ಇದೆ

ನಿನ್ನೆ ರಾತ್ರಿ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಬೆಂಗಳೂರಿನಿಂದ ಹೊರಟ ನನ್ನ ಎಟಿಆರ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಇಳಿಯುತ್ತಿತ್ತು. ಕಂಪ್ಯೂಟರಿನ ಆಟದಲ್ಲಿ ಮಾತ್ರ ಬೆಳಗ್ಗೆ ಏಳು ಗಂಟೆ. ಗುಡ್ಡದ ಮೇಲಿನ ರನ್‌ವೇ ಕಾಣುತ್ತಿದೆ, ಚಕ್ರ ಇಳಿಸಿಯಾಗಿದೆ, ಉಸಿರು ಬಿಗಿಹಿಡಿದು ಕೂತಿದ್ದೇನೆ. ನೆಲಕ್ಕೆ ಇನ್ನು 200 ಅಡಿ ಅನ್ನುವಾಗ ವಿಮಾನ ಗಾಳಿಯಲ್ಲೇ ನಿಂತುಬಿಟ್ಟಿತು. ಅರ್ಧ ಸೆಕೆಂಡ್. ಆಮೇಲೆ ಒಂದು ನೆಗೆತ. ಮತ್ತೆ ನಿಂತಿತು, ಮತ್ತೆ ನೆಗೆಯಿತು. ಕೊನೆಗೆ ರನ್‌ವೇ ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಹೋಗಿ ಕೂತಿತು.

"ಡೀಸೆಲ್ ಲೈನಿಗೆ ಗಾಳಿ ಹೊಕ್ಕಿದೆ ಕಣೋ," ಅಂತ ಹಿಂದಿನಿಂದ ದನಿ ಬಂತು.

ಅಪ್ಪ. 31 ವರ್ಷ ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿದ್ದವರು. ಅದರಲ್ಲಿ ಮುಕ್ಕಾಲು ಪಾಲು ಇದೇ ಬೆಂಗಳೂರು–ಮಂಗಳೂರು ದಾರಿ. ನಾನು ವಿಮಾನ ಹಾರಿಸಲು ಕೂತರೆ ಸಾಕು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು ಹಿಂದೆ ಕೂರುತ್ತಾರೆ.

ಮೂರು ತಿಂಗಳಿಂದ ಈ ಕಂಪ್ಯೂಟರಿಗೆ ಸುರಿದ ದುಡ್ಡಲ್ಲಿ ನಿಜವಾದ ವಿಮಾನದಲ್ಲೇ ಮಂಗಳೂರಿಗೆ ಹೋಗಿ, ಬಂಗುಡೆ ಫ್ರೈ ತಿಂದು ವಾಪಸ್ ಬರಬಹುದಿತ್ತು. ಹತ್ತು ಸಲ. ಲೆಕ್ಕ ನನ್ನದಲ್ಲ, ಹೆಂಡತಿಯದು.

ಈ ಫ್ಲೈಟ್ ಸಿಮ್ಯುಲೇಟರ್ ಅನ್ನೋದು ಮೊದಲಿನಿಂದಲೂ ಹೀಗೇ. ಮೈಕ್ರೋಸಾಫ್ಟ್‌ನವರು ಮೊದಲನೆಯದನ್ನು ಬಿಟ್ಟಿದ್ದು 1982ರಲ್ಲಿ. 2006ರಲ್ಲಿ ಅದರ ಹೊಸ ಆವೃತ್ತಿ ಎಫ್‌ಎಸ್‌ಎಕ್ಸ್ ಬಂದಾಗ ಎಲ್ಲ ಸೆಟ್ಟಿಂಗನ್ನೂ ತುದಿಗೆ ತಳ್ಳಿ ಓಡಿಸುವ ಕಂಪ್ಯೂಟರ್ ಊರಲ್ಲೇ ಇರಲಿಲ್ಲ. ಕಾಲೇಜಿನಲ್ಲಿದ್ದಾಗ ನಾನದನ್ನು ಸ್ಲೈಡ್ ಶೋ ಥರ ಆಡಿದ್ದೇನೆ. ಸಂಬಳ ಬಂದ ಮೇಲಾದರೂ ವಿಮಾನ ನುಣ್ಣಗೆ ಇಳಿಯಲಿ ಅನ್ನೋದು ದೊಡ್ಡ ಆಸೆಯೇನಲ್ಲ, ಅಲ್ವಾ?

ಆ ಆಸೆ ಹೊತ್ತುಕೊಂಡು ಎಸ್‌ಪಿ ರೋಡಿಗೆ ಹೋಗಿದ್ದು ಮೊದಲ ತಪ್ಪು. ಎಂಟು ಕೋರಿನ, ಅಂದರೆ ಒಳಗೆ ಲೆಕ್ಕ ಮಾಡುವ ಎಂಟು ಘಟಕ ಇರುವ, ಪ್ರೊಸೆಸರ್ ಕೇಳಿದೆ. ಅಂಗಡಿ ಹುಡುಗ ನನ್ನನ್ನು ಕನಿಕರದಿಂದ ನೋಡಿದ. "ಎಂಟಾ? ಅದು ಟ್ಯಾಲಿ ಮಾಡೋರಿಗೆ ಸಾರ್. ನೀವು ವಿಮಾನ ಓಡಿಸೋರು. ಹದಿನಾರು ತಗೊಳ್ಳಿ." ವಿಮಾನ ಓಡಿಸೋರು ಅಂತ ಅಲ್ಲಿಯವರೆಗೆ ಯಾರೂ ನನ್ನನ್ನು ಕರೆದಿರಲಿಲ್ಲ. ರೈಜನ್ 9 7950ಎಕ್ಸ್, ಹದಿನಾರು ಕೋರು, 5.7 ಗಿಗಾಹರ್ಟ್ಸ್‌ವರೆಗೆ ವೇಗ. ಕಾರ್ಡ್ ಉಜ್ಜಿದೆ.

ಮನೆಗೆ ತಂದು ಜೋಡಿಸಿ ನೋಡಿದರೆ ಅದು ಲೋಡ್ ಬಿದ್ದ ತಕ್ಷಣ 95 ಡಿಗ್ರಿಗೆ ಏರಿ ಅಲ್ಲೇ ಕೂತಿತು. ನನಗೆ ಬೆವರು. ಆಮೇಲೆ ಓದಿದೆ, ಅದನ್ನು ಮಾಡಿರುವುದೇ ಹಾಗಂತೆ. ಅಪ್ಪ ಡಬ್ಬದ ಹಿಂದೆ ಅಂಗೈ ಹಿಡಿದು, "ರೇಡಿಯೇಟರ್ ನೀರು ನೋಡ್ದಾ?" ಅಂದರು. ನಾನು ಹಾಕಿಸಿದ್ದು ಲಿಕ್ವಿಡ್ ಕೂಲರ್. ಅದರಲ್ಲಿ ನಿಜವಾಗಿಯೂ ಒಂದು ರೇಡಿಯೇಟರ್ ಇದೆ. ಅಪ್ಪನಿಗೆ ಹೇಳಲಿಲ್ಲ.

ಇಷ್ಟೆಲ್ಲ ಆದರೂ ವಿಮಾನ ಜಗ್ಗುವುದು ಬಿಡಲಿಲ್ಲ. ಡೆವಲಪರ್ ಮೋಡ್ ಹಾಕಿದರೆ ಪರದೆಯ ಮೂಲೆಯಲ್ಲಿ 'ಲಿಮಿಟೆಡ್ ಬೈ ಮೇನ್ ಥ್ರೆಡ್' ಅಂತ ಬರುತ್ತೆ. ಹಾಗಂದ್ರೇನು ಅಂತ ಅಪ್ಪ ಕೇಳಿದರು. ವಿಮಾನದ ಮುಖ್ಯ ಲೆಕ್ಕವನ್ನೆಲ್ಲ ಒಂದೇ ಕೋರ್ ಮಾಡುತ್ತೆ, ಅದು ಮುಗಿಸುವವರೆಗೆ ಬಾಕಿಯವು ಕಾಯಬೇಕು ಅಂದೆ.

"ಅಂದ್ರೆ ಬಸ್ಸಲ್ಲಿ ಹದಿನಾರು ಜನ ಕಂಡಕ್ಟರ್. ಟಿಕೆಟ್ ಹರೀತಿರೋನು ಒಬ್ಬ. ಮಿಕ್ಕೋರು ಹಿಂದಿನ ಸೀಟಲ್ಲಿ ನಿದ್ದೆ."

"ಹೆಚ್ಚುಕಮ್ಮಿ ಹಾಗೇ."

"ಮತ್ತೆ ಹದಿನೈದು ಜನಕ್ಕೆ ಸಂಬಳ ಯಾಕೋ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಎಂಐ ಮಾತ್ರ ಇತ್ತು.

ಈಗಿನ ಪರಿಹಾರ ದೊಡ್ಡ ಕ್ಯಾಶ್, ಅಂದರೆ ಪ್ರೊಸೆಸರಿನ ಒಳಗೇ ಇರುವ ಚಿಕ್ಕ, ಚುರುಕು ಮೆಮೊರಿ. ರೈಜನ್ 7 7800ಎಕ್ಸ್3ಡಿ ಅನ್ನೋದರಲ್ಲಿ ಅದನ್ನು ಚಿಪ್ಪಿನ ಮೇಲೆ ಚಿಪ್ಪು ಪೇರಿಸಿ 96 ಎಂಬಿ ಮಾಡಿದ್ದಾರೆ. ನಾನು ತಂದ ಹದಿನಾರು ಕೋರಿನದ್ದರಲ್ಲಿ ಇರುವುದು 64, ಅದೂ ಎರಡು ಪಾಲಾಗಿ. ಈ 7800ಎಕ್ಸ್3ಡಿ ಎಂಟೇ ಕೋರು, ವೇಗ ಬರೀ 5 ಗಿಗಾಹರ್ಟ್ಸ್, ಆದರೂ ಸಿಮ್ಯುಲೇಟರಿನಲ್ಲಿ ಹದಿನಾರರದ್ದನ್ನು ಹಿಂದೆ ಹಾಕುತ್ತೆ. ಒಂದು ವಾರ ರಾತ್ರಿ ನಿದ್ದೆಗೆಟ್ಟು ಓದಿ ನನಗೆ ಇದು ಅರ್ಥವಾಯಿತು. ಅಪ್ಪ ಕಾಫಿ ಲೋಟ ಕೆಳಗಿಡದೆ, "ಕಂಡಕ್ಟರ್ ಬ್ಯಾಗ್ ದೊಡ್ಡದಿರಬೇಕು, ಅಷ್ಟೇ. ಚಿಲ್ಲರೆಗೆ ಪ್ರತಿ ಸಲ ಡಿಪೋಗೆ ಓಡಿದ್ರೆ ಗಾಡಿ ಹೊರಡುತ್ತಾ?" ಅಂದರು.

ಹದಿನಾರು ಕೋರಿನದ್ದನ್ನು ಬಂದಷ್ಟಕ್ಕೆ ಮಾರಿದೆ. ಎಷ್ಟಕ್ಕೆ ಅಂತ ಮನೆಯಲ್ಲಿ ಗೊತ್ತಿಲ್ಲ.

ಹೊಸದು ಹಾಕಿ ಸ್ವಿಚ್ ಒತ್ತಿದರೆ ಪರದೆ ಕಪ್ಪು. ಮದರ್‌ಬೋರ್ಡಿನ ಮೇಲೆ ಒಂದು ಹಳದಿ ದೀಪ ಮಾತ್ರ ಉರಿಯುತ್ತಿದೆ. ನಾಲ್ಕು ನಿಮಿಷ ಕಾದೆ. ಆಫ್ ಮಾಡಿ, ರ‍್ಯಾಮ್ ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಮತ್ತೆ ಕಪ್ಪು. ಮತ್ತೆ ಕಿತ್ತೆ. ಪ್ರೊಸೆಸರ್ ಬದಲಾದಾಗ ಈ ಬೋರ್ಡುಗಳು ಡಿಡಿಆರ್5 ಮೆಮೊರಿಯ ಜೊತೆ ಹೊಸದಾಗಿ ಹೊಂದಿಕೊಳ್ಳಬೇಕು, ಅದಕ್ಕೆ ಸುಮಾರು ಹೊತ್ತು ಹಿಡಿಯುತ್ತೆ. ನಾನು ಆಫ್ ಮಾಡಿದಾಗಲೆಲ್ಲ ಅದು ಪಾಪ ಮೊದಲಿಂದ ಶುರು ಮಾಡುತ್ತಿತ್ತು. ಮೂರನೇ ಸಲ ಸ್ಕ್ರೂಡ್ರೈವರ್ ಹಿಡಿದಾಗ ಅಪ್ಪ ಕೈ ಹಿಡಿದುಕೊಂಡರು. "ಬೆಳಗ್ಗೆ ಡಿಪೋಲಿ ಸ್ಟಾರ್ಟ್ ಮಾಡಿ ಹಾಗೇ ಬಿಡ್ತಿದ್ವಿ. ಏರ್ ತುಂಬೋ ತನಕ ಬ್ರೇಕ್ ಬಿಡಲ್ಲ. ಬಾ, ಊಟ ಮಾಡು." ಸಾರನ್ನ ಮುಗಿಸಿ ಮಜ್ಜಿಗೆಗೆ ಬರುವಷ್ಟರಲ್ಲಿ ಪರದೆ ಬಂದಿತ್ತು.

ಒಬ್ಬ ಮನುಷ್ಯ ಇಷ್ಟು ಸಲ ಸರಿ ಇರಬಾರದು.

ಸುಮ್ನೆ ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಕರ್ವ್ ಆಪ್ಟಿಮೈಜರ್ ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು ಮೈನಸ್‌ಗೆ ಇಳಿಸಿದರೆ ಪ್ರತಿ ಕೋರಿಗೂ ವೋಲ್ಟೇಜ್ ಸ್ವಲ್ಪ ಕಡಿಮೆ ಹೋಗುತ್ತೆ. ತಣ್ಣಗಿರುತ್ತೆ, ಇರುವ ವೇಗವನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತೆ. ನಾನು ಸೀದಾ ಮೈನಸ್ 30 ಕೊಟ್ಟೆ. ರಾತ್ರಿಯೆಲ್ಲ ಸ್ಟ್ರೆಸ್ ಟೆಸ್ಟ್ ಓಡಿಸಿದೆ, ಒಂದೂ ತಪ್ಪಿಲ್ಲದೆ ಪಾಸಾಯಿತು. ಆ ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಮಂಗಳೂರಿಗೆ ಹೊರಟೆ.

ಕುಣಿಗಲ್ ದಾಟುವವರೆಗೆ ಸುಮ್ಮನಿದ್ದರು. ಆಮೇಲೆ ಶುರುವಾಯಿತು.

"ಹಾಸನದಲ್ಲಿ ನಿಲ್ಸಲ್ವಾ?"

"ಅಪ್ಪಾ, ಹದಿನಾರು ಸಾವಿರ ಅಡಿ ಮೇಲಿದೀವಿ."

"ಇರ್ಲಿ. ಜನಕ್ಕೆ ಊಟ ಬೇಡ್ವಾ?"

"ಜನ ಇಲ್ಲ."

"ಒಬ್ರೂ ಇಲ್ವಾ? ಕಲೆಕ್ಷನ್ ಎಷ್ಟು ಹಾಗಾದ್ರೆ?"

"ಏನೂ ಇಲ್ಲ."

"ಡೆಡ್ ಕಿಲೋಮೀಟರ್ ಓಡಿಸ್ತಿದೀಯಾ!" ಅವರ ದನಿಯಲ್ಲಿ ನಿಜವಾದ ನೋವಿತ್ತು. ಖಾಲಿ ಗಾಡಿ ಓಡಿಸಿದ್ದಕ್ಕೆ ಡಿಪೋ ಮ್ಯಾನೇಜರ್ ನಾಳೆ ನನ್ನನ್ನು ಕರೆದು ಕೇಳುತ್ತಾರೇನೋ ಅನ್ನುವ ಹಾಗೆ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದರು, "ಹಾಸನ ಬಂತಾ?" ಮತ್ತೆ ಐದು ನಿಮಿಷಕ್ಕೆ, "ಸ್ಟ್ಯಾಂಡ್ ಒಳಗೆ ಹೋಗ್ತೀಯೋ, ಬೈಪಾಸಲ್ಲಿ ಹೋಗ್ತೀಯೋ?" ನಾನು ಸೋತೆ. ಹಾಸನದ ನೆತ್ತಿಯ ಮೇಲೆ ಆಟವನ್ನು ಅಲ್ಲಲ್ಲೇ ನಿಲ್ಲಿಸಿ, "ಹತ್ತು ನಿಮಿಷ ಟೈಮ್ ಇದೆ, ಕಾಫಿ ತಿಂಡಿ ಮಾಡೋರು ಮಾಡ್ಕೊಳ್ಳಿ," ಅಂತ ಕೂಗಿದೆ. ಅಪ್ಪ ಎದ್ದು, ಮೈಮುರಿದು, ಬಾತ್‌ರೂಮಿಗೆ ಹೋದರು. ಹೆಂಡತಿ ಅಡುಗೆ ಮನೆಯಿಂದ ಇಣುಕಿ ನೋಡಿ, ಏನೂ ಹೇಳದೆ ಒಳಗೆ ಹೋದಳು.

ಕಾಫಿ ಹಿಡಿದು ಬಂದು ನೋಡಿದರೆ ವಿಮಾನ ಇಲ್ಲ, ಆಕಾಶ ಇಲ್ಲ, ಹಾಸನ ಇಲ್ಲ. ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆಗಿ ಪಾಸ್‌ವರ್ಡ್ ಕೇಳುತ್ತಿದೆ. ರಾತ್ರಿಯೆಲ್ಲ ಕತ್ತೆ ಥರ ದುಡಿಸಿದಾಗ ಏನೂ ಆಗದ್ದು, ಹತ್ತು ನಿಮಿಷ ವಿರಾಮ ಕೊಟ್ಟಿದ್ದಕ್ಕೆ ಸತ್ತುಹೋಯಿತು.

"ನಿಂತ ಮೇಲೆ ಈ ಥರ ಮಾಡಿದ್ರೆ ಬ್ಯಾಟರಿ ವೀಕು ಅಂತ," ಅಂದರು ಅಪ್ಪ ಟವೆಲ್‌ನಲ್ಲಿ ಮುಖ ಒರೆಸುತ್ತಾ. "ವೋಲ್ಟ್ ಸಾಲ್ತಿಲ್ಲ."

ಸಾಲುತ್ತಿರಲಿಲ್ಲ. ಕಡಿಮೆ ಮಾಡಿದ್ದು ನಾನೇ. ಕೆಲಸ ಹಗುರಾದಾಗ ಒಂದೆರಡು ಕೋರು ಪೂರ್ತಿ ವೇಗಕ್ಕೆ ನೆಗೆಯುತ್ತವೆ, ಆಗ ಅಷ್ಟು ಕಡಿಮೆ ವೋಲ್ಟೇಜ್ ಕೆಲವಕ್ಕೆ ಸಾಕಾಗಲ್ಲ. ಮೈನಸ್ 30 ಇದ್ದಿದ್ದನ್ನು ಮೈನಸ್ 15ಕ್ಕೆ ತಂದೆ. ಅಂದಿನಿಂದ ಹಾಸನದಲ್ಲಿ ದಿನಾ ನಿಲ್ಲಿಸುತ್ತೇವೆ. ಏನೂ ಆಗಿಲ್ಲ.

ಹಾಗಾದರೆ ನಿನ್ನೆ ಯಾಕೆ ಜಗ್ಗಿತು? ಕಾರಣ ನನಗೆ ಗೊತ್ತು. ಹೋದ ವಾರ ಬಜ್ಪೆಯಲ್ಲಿ ಬೆಣ್ಣೆಯಂತೆ ಇಳಿಸಿ ಹೆಮ್ಮೆಯಿಂದ ಹಿಂದೆ ತಿರುಗಿದರೆ ಅಪ್ಪನ ಮುಖ ಸಪ್ಪಗಿತ್ತು. "ಏನೋ ಇದು, ಸ್ಟ್ಯಾಂಡಲ್ಲಿ ಒಂದು ನರಪಿಳ್ಳೆ ಇಲ್ಲ." ಆಟ ಜಗ್ಗದಿರಲಿ ಅಂತ ನಾನೇ ನಿಲ್ದಾಣದ ಕೆಲಸಗಾರರು, ವಾಹನಗಳನ್ನೆಲ್ಲ ಸೊನ್ನೆ ಮಾಡಿದ್ದೆ. ಆ ರಾತ್ರಿ ಅವರು ಮಲಗಿದ ಮೇಲೆ ಎರಡನ್ನೂ 100ಕ್ಕೆ ಏರಿಸಿದೆ. ಹೊಸ ಪ್ರೊಸೆಸರಿನ ಕೊಬ್ಬಿನಲ್ಲಿ ದೂರದ ನೆಲದ ವಿವರವನ್ನೂ 200 ಮಾಡಿಟ್ಟೆ. ಅಷ್ಟು ಜನರನ್ನು ನಡೆಸುವುದೂ ಅದೇ ಬಡಪಾಯಿ ಪ್ರೊಸೆಸರೇ. ಬ್ಯಾಗ್ ಎಷ್ಟು ದೊಡ್ಡದಿದ್ದರೇನು, ಸ್ಟ್ಯಾಂಡ್ ತುಂಬ ಜನ ಒಟ್ಟಿಗೆ ನುಗ್ಗಿದರೆ?

ನಿನ್ನೆ ಸಕಲೇಶಪುರ ದಾಟಿದಾಗ ಇನ್ನೊಂದಾಯಿತು. ದೋಣಿಗಲ್ ಆಚೆ ಕಾಡು ಶುರುವಾಗಿ, ಹಸಿರಿನ ಮಧ್ಯೆ ಶಿರಾಡಿ ಘಾಟಿ ರಸ್ತೆ ದಾರದ ಹಾಗೆ ಕಂಡಿತು. ಅಪ್ಪ ಕುರ್ಚಿಯಿಂದ ಎದ್ದು, ಕನ್ನಡಕ ಸರಿಮಾಡಿಕೊಂಡು, ಪರದೆಗೆ ಮುಖ ಇಟ್ಟರು.

"ಇಷ್ಟೊಂದು ಹಸಿರಾ ಇದು?"

ಅವರದ್ದು ಯಾವಾಗಲೂ ನೈಟ್ ಸರ್ವಿಸ್. ಆ ಘಾಟಿಯನ್ನು ಅವರು ಸಾವಿರಾರು ಸಲ ಇಳಿದಿದ್ದಾರೆ. ನೋಡಿದ್ದು ಹೆಡ್‌ಲೈಟ್ ಬಿದ್ದಷ್ಟು ಮಾತ್ರ. ಮಳೆಗಾಲದಲ್ಲಿ ಗುಡ್ಡ ಜಾರಿದರೆ ಚಾರ್ಮಾಡಿ ಸುತ್ತಿಕೊಂಡು ಹೋಗಿ, ಅಮ್ಮನಿಗೆ ಬೆಳಗ್ಗೆ ಎಸ್‌ಟಿಡಿ ಬೂತ್‌ನಿಂದ ಫೋನ್ ಮಾಡುತ್ತಿದ್ದರು. ಆ ಫೋನ್ ಬರುವವರೆಗೆ ನಮ್ಮ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಅಪ್ಪ ಗುಂಡ್ಯದ ತನಕ ಬೆರಳಲ್ಲಿ ರಸ್ತೆ ಹಿಡಿದುಕೊಂಡು ಹೋದರು. ನಾನು ವೇಗ ಇಳಿಸಿದೆ. ಅಷ್ಟರಲ್ಲಿ ಪರದೆ ಒಂದು ಸಲ ಜಗ್ಗಿತು. ನನಗೆ ಪಿತ್ತ ನೆತ್ತಿಗೇರಿತು.

"ಇಲ್ಲೊಂದು ಗುಂಡಿ ಯಾವಾಗ್ಲೂ ಇತ್ತು," ಅಂದರು ಅಪ್ಪ.

ಅದಾದ ಮೇಲೆಯೇ ಬಜ್ಪೆಯ ಹುಲ್ಲು. ನಾನು ಸ್ಲೈಡರ್ ಮೇಲೆ ಮೌಸ್ ಇಟ್ಟುಕೊಂಡು ಕೂತಿದ್ದೆ. 100 ಇದ್ದಿದ್ದನ್ನು 20 ಮಾಡಿದರೆ ಎಲ್ಲ ಸರಿಹೋಗುತ್ತೆ. ಅಪ್ಪ ಮಾತ್ರ ದೂರದ ಟರ್ಮಿನಲ್ ಕಡೆ ನೋಡುತ್ತಿದ್ದರು. ಅಲ್ಲಿ ಹಳದಿ ಜಾಕೆಟ್ಟಿನ ಏಳೆಂಟು ಜನ ಓಡಾಡುತ್ತಿದ್ದರು, ಒಂದು ಸಾಮಾನಿನ ಗಾಡಿ ಸುಮ್ಮನೆ ಸುತ್ತು ಹೊಡೆಯುತ್ತಿತ್ತು.

"ಇವತ್ತು ಪರವಾಗಿಲ್ಲ, ಜನ ಇದ್ದಾರೆ," ಅಂದರು. ಆಮೇಲೆ ನನ್ನ ಭುಜ ತಟ್ಟಿ, "ಏನ್ ನೋಡ್ತಾ ಕೂತಿದೀಯಾ? ಡೋರ್ ತೆಗಿ, ಇಳಿಯೋರು ಇಳೀಲಿ."

ಎಟಿಆರ್‌ನ ಬಾಗಿಲು ತೆಗೆಯುವ ಬಟನ್ ಎಲ್ಲಿದೆ ಅಂತ ಇವತ್ತು ಬೆಳಗ್ಗಿನಿಂದ ಹುಡುಕುತ್ತಿದ್ದೇನೆ.