ಆಡಿದವರೇ ಆಡಳಿತವನ್ನೂ ನಡೆಸಬೇಕೇ?

ಪರ

ಟೆನಿಸ್ ಆಟಗಾರ ರೋಹನ್ ಬೋಪಣ್ಣ 2025ರ ನವೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು. ಇಂಥವರನ್ನು ನಾವು ಕೊಡಗಿನವರು ಹಾರ, ಶಾಲು, ಸನ್ಮಾನಕ್ಕೆ ಕರೆದು ಸುಮ್ಮನಾಗಬಾರದು. ಅವರು ಟೆನಿಸ್ ಸಂಸ್ಥೆಯ ಒಳಗೇ ಹೋಗಬೇಕು. ಹೊರಗೆ ನಿಂತು ಪ್ರಶ್ನಿಸಿದರೆ ಏನಾಗುತ್ತದೆಂದು 2021ರಲ್ಲೇ ಕಂಡೆವು. ಟೋಕಿಯೊ ಒಲಿಂಪಿಕ್ಸ್‌ಗೆ ತಮ್ಮ ಮತ್ತು ಸುಮಿತ್ ನಾಗಲ್ ಜೋಡಿಯ ಪ್ರವೇಶವನ್ನು ಅಂತರರಾಷ್ಟ್ರೀಯ ಫೆಡರೇಷನ್ ಒಪ್ಪಿರಲೇ ಇಲ್ಲ, ಅಖಿಲ ಭಾರತ ಟೆನಿಸ್ ಸಂಸ್ಥೆ ಎಲ್ಲರನ್ನೂ ದಾರಿ ತಪ್ಪಿಸಿತು ಎಂದು ಬೋಪಣ್ಣ ಬಹಿರಂಗವಾಗಿ ಹೇಳಿದರು. ಸಂಸ್ಥೆ ಅವರನ್ನೇ ಖಂಡಿಸಿತು. ಪ್ರವೇಶದ ನಿಯಮ, ಕೊನೆಯ ದಿನಾಂಕ, ರ‍್ಯಾಂಕಿಂಗ್ ಲೆಕ್ಕ ಇವೆಲ್ಲ ಆಡಿದವರಿಗೆ ಅನುಭವದಿಂದ ಗೊತ್ತು.

ಆಡಿದವರಿಗೆ ಕಟ್ಟಿ ನಡೆಸುವುದು ಬರುವುದಿಲ್ಲ ಎನ್ನುವವರು ಗೋಣಿಕೊಪ್ಪಲಿಗೆ ಬಂದು ಮಾಜಿ ಓಟಗಾರ್ತಿ ಅಶ್ವಿನಿ ನಾಚಪ್ಪ ಅವರ ಶಾಲೆ ನೋಡಲಿ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಶ್ರೇಷ್ಠ ಆಟಗಾರರಿಗೆ ಕನಿಷ್ಠ 2 ಸ್ಥಾನ ಕೊಟ್ಟಿದೆ. ನನ್ನ ಪ್ರಕಾರ ಅದೂ ಕಡಿಮೆಯೇ.

ವಿರೋಧ

ಅಮೆರಿಕದ ಜಸ್ಟಿನ್ ಗಿಮೆಲ್‌ಸ್ಟಾಬ್ 1998ರಲ್ಲಿ ವೀನಸ್ ವಿಲಿಯಮ್ಸ್ ಜೊತೆ ಎರಡು ಗ್ರ್ಯಾಂಡ್‌ಸ್ಲಾಮ್ ಮಿಶ್ರ ಡಬಲ್ಸ್ ಗೆದ್ದವರು. ಮುಂದೆ ಆಟಗಾರರ ಪ್ರತಿನಿಧಿಯಾಗಿ, ಪುರುಷರ ವೃತ್ತಿಪರ ಟೆನಿಸ್ ನಡೆಸುವ ಎಟಿಪಿಯ ಮಂಡಳಿ ಸೇರಿದರು. 2008ರಲ್ಲಿ ರೇಡಿಯೊದಲ್ಲಿ ಆಟಗಾರ್ತಿಯರ ಬಗ್ಗೆ ಕೀಳಾಗಿ ಮಾತಾಡಿ ಕ್ಷಮೆ ಕೇಳಿದ್ದರು. 2018ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಬ್ಬರ ಮೇಲೆ ಹಲ್ಲೆ ಮಾಡಿದ ಪ್ರಕರಣ ದಾಖಲಾಯಿತು. ಆಗಲೂ ಕುರ್ಚಿ ಅಲುಗಲಿಲ್ಲ! 2019ರ ಏಪ್ರಿಲ್‌ನಲ್ಲಿ ಆರೋಪವನ್ನು ತಾನು ಪ್ರಶ್ನಿಸುವುದಿಲ್ಲ ಎಂದು ಕೋರ್ಟಿನಲ್ಲಿ ಹೇಳಿ, ಮೂರು ವರ್ಷದ ಪ್ರೊಬೇಷನ್ ಪಡೆದ ಮೇಲೆಯೇ ಅವರು ರಾಜೀನಾಮೆ ಕೊಟ್ಟದ್ದು. ಜೊತೆಗೆ ಆಡಿದವರು, ಸ್ನೇಹಿತರು, ಅಭಿಮಾನಿಗಳು ಸುತ್ತ ಇರುವಾಗ ‘ಇಳಿಯಪ್ಪಾ’ ಎನ್ನುವವರು ಯಾರು? ಹೊಡೆತ ತಿಂದವನ ನೋವಿಗಿಂತ ಗೆಳೆತನ ದೊಡ್ಡದಾಗಿಬಿಡುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ.

ರಷ್ಯಾದ ಮಾಜಿ ಆಟಗಾರ, ಆ ದೇಶದ ಟೆನಿಸ್ ಫೆಡರೇಷನ್ ಅಧ್ಯಕ್ಷ ಶಮಿಲ್ ತಾರ್ಪಿಶ್ಚೆವ್ 2014ರಲ್ಲಿ ವಿಲಿಯಮ್ಸ್ ಸಹೋದರಿಯರನ್ನು ‘ಸಹೋದರರು’ ಎಂದು ಹೀಯಾಳಿಸಿದರು. ಮಹಿಳಾ ಟೆನಿಸ್ ಸಂಸ್ಥೆ ಡಬ್ಲ್ಯುಟಿಎ 25,000 ಡಾಲರ್ ದಂಡ, ಒಂದು ವರ್ಷ ನಿಷೇಧ ಹಾಕಿತು. ತಮ್ಮ ದೇಶದ ಫೆಡರೇಷನ್‌ಗೆ ಮಾತ್ರ ಅವರೇ ಅಧ್ಯಕ್ಷರಾಗಿ ಉಳಿದರು.

ಕುಟುಂಬಕ್ಕೊಂದು ತಂಡ ಆಡುವ ನಮ್ಮ ಕೊಡವ ಕೌಟುಂಬಿಕ ಹಾಕಿಯನ್ನು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಪಾಂಡಂಡ ಕುಟ್ಟಪ್ಪ ಬ್ಯಾಂಕ್ ಉದ್ಯೋಗದಲ್ಲಿದ್ದವರು. ತಾರೆಯ ಹೆಸರಿನ ಬಲವಿಲ್ಲದೆ ಅದು ಬೆಳೆಯಿತು. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ನಡೆಸಿದಾಗ 360 ತಂಡಗಳು ಬಂದಿದ್ದವು. ಹೊಣೆ ಪ್ರತಿ ಸಲ ಬೇರೆ ಒಕ್ಕಕ್ಕೆ, ಅಂದರೆ ಬೇರೆ ಮನೆತನಕ್ಕೆ, ಹೋಗುತ್ತದೆ. ಎಷ್ಟೇ ಚೆನ್ನಾಗಿ ನಡೆಸಿದ ಕುಟುಂಬವಾದರೂ ಮುಂದಿನವರಿಗೆ ಬಿಟ್ಟುಕೊಡಲೇಬೇಕು. ಟೆನಿಸ್ ಸಂಸ್ಥೆಗೆ ಬೇಕಿರುವುದು ಈ ಕಟ್ಟುಪಾಡು.