ಹೆಸರು ಕಾಯ್ದಿರಿಸಿ, ಫಾಂಟ್ ತಿದ್ದಲು ಬಿಡಿ

ತುಮಕೂರಿನ ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಫಾಂಟ್‌ಗಳು ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟುತ್ತಲೇ ಇರುತ್ತವೆ. ಮೂಲ ಯಾವುದು, ಯಾರೋ ತಿದ್ದಿದ್ದು ಯಾವುದು ಎಂದು ತಿಳಿಯುವುದಿಲ್ಲ. ಎರಡಕ್ಕೂ ಒಂದೇ ಹೆಸರು. ನಾನು ಕರಡು ನೋಡಿಕೊಟ್ಟ ಸ್ಮರಣ ಸಂಚಿಕೆಯೊಂದು ಅಚ್ಚಾಗಿ ಬಂದಾಗ ಅರ್ಕಾವೊತ್ತುಗಳೆಲ್ಲ ಪಕ್ಕದ ಅಕ್ಷರದ ಮೇಲೆ ಏರಿ ಕುಳಿತಿದ್ದವು. ಮುದ್ರಣಾಲಯದಲ್ಲಿದ್ದದ್ದು ಅದೇ ಹೆಸರಿನ, ಯಾರೋ ಕೈಯಾಡಿಸಿದ ಫಾಂಟ್. ಬೈಗುಳ ಬಿದ್ದದ್ದು ಮಾತ್ರ ಅದನ್ನು ಮೊದಲು ರೂಪಿಸಿದವರಿಗೆ.

ಹಾಗೆಂದು ತಿದ್ದುವುದನ್ನೇ ನಿಷೇಧಿಸಬೇಕು ಎಂಬ ಗೆಳೆಯರ ವಾದವನ್ನು ನಾನು ಒಪ್ಪುವುದಿಲ್ಲ. ಹಳಗನ್ನಡ ಕಾವ್ಯ ಸಂಪಾದಿಸುವವರಿಗೆ ಈಗ ಬಳಕೆಯಲ್ಲಿಲ್ಲದ ಱ, ೞ ಅಕ್ಷರಗಳು ಬೇಕು. ಫಾಂಟ್‌ನಲ್ಲಿ ಅವು ಇಲ್ಲದಿದ್ದರೆ, ರೂಪಿಸಿದವರು ಆ ಕೆಲಸವನ್ನೇ ಬಿಟ್ಟಿದ್ದರೆ, ಬೇರೊಬ್ಬರು ಸೇರಿಸಲೇಬೇಕು. ಆ ಹಕ್ಕು ಇಲ್ಲದ ಫಾಂಟ್ ಉಚಿತವಾಗಿ ಸಿಕ್ಕರೂ ನಮ್ಮದಲ್ಲ.

ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಜಗತ್ತು ಈ ಜಗಳವನ್ನು ಎಂದೋ ಕಂಡಿದೆ. ಯಾವ ಲೈಸೆನ್ಸ್ ಮುಕ್ತ ಎಂದು ಹೇಳುವ ಓಪನ್ ಸೋರ್ಸ್ ವ್ಯಾಖ್ಯೆಯ ನಾಲ್ಕನೆಯ ಅಂಶ ಇದರ ಬಗ್ಗೆಯೇ ಇದೆ: ತಿದ್ದಿದ ಆವೃತ್ತಿಗೆ ಬೇರೆ ಹೆಸರಿಡಬೇಕೆಂದು ಲೈಸೆನ್ಸ್ ಕೇಳಬಹುದು. ಮೂಲವನ್ನು ಹಾಗೆಯೇ ಉಳಿಸಿ ತಿದ್ದುಪಡಿಗಳನ್ನು ಪ್ಯಾಚ್‌ಗಳಾಗಿ, ಅಂದರೆ ಬದಲಾವಣೆಗಳಷ್ಟೇ ಇರುವ ಕಡತಗಳಾಗಿ, ಪ್ರತ್ಯೇಕವಾಗಿ ಹಂಚಿ ಎನ್ನಲೂ ಅವಕಾಶವಿದೆ. ಈ ಎರಡನೆಯ ದಾರಿ ನನಗೆ ಹಿಡಿಸುವುದಿಲ್ಲ. ಪ್ಯಾಚ್‌ಗಳ ಮೇಲೆ ಪ್ಯಾಚ್‌ಗಳು ಪೇರಿಕೊಂಡರೆ ಹೊಸಬರು ಹತ್ತಿರವೂ ಸುಳಿಯುವುದಿಲ್ಲ.

ಹೆಸರಿನ ಷರತ್ತು ಮಾತ್ರ ನ್ಯಾಯವಾದದ್ದು. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಪುಟ ಜೋಡಿಸುವ ತಮ್ಮ ಟೆಕ್ ತಂತ್ರಾಂಶದ ವಿಷಯದಲ್ಲಿ ಕೇಳಿದ್ದು ಇಷ್ಟನ್ನೇ: ಬದಲಿಸಿ, ಆದರೆ ಅದನ್ನು ಟೆಕ್ ಎಂದು ಕರೆಯಬೇಡಿ. 2006ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ರೂಪಿಸಿದ ಮೊಜಿಲ್ಲಾ, ಆ ಹೆಸರು ಬಳಸಬೇಕಾದರೆ ತಿದ್ದುಪಡಿಗಳಿಗೆ ತನ್ನ ಒಪ್ಪಿಗೆ ಬೇಕು, ಲಾಂಛನವೂ ತನ್ನದೇ ಇರಬೇಕು ಎಂದಿತು. ಲಿನಕ್ಸ್ ಆಧಾರಿತ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್ ಅದೇ ಬ್ರೌಸರನ್ನು ಐಸ್‌ವೀಸಲ್ ಎಂಬ ಹೆಸರಿನಲ್ಲಿ ಹಂಚಿತು. ಹತ್ತು ವರ್ಷಗಳ ನಂತರ, 2016ರಲ್ಲಿ ರಾಜಿಯಾಗಿ ಫೈರ್‌ಫಾಕ್ಸ್ ಹೆಸರು ಮರಳಿತು. ಅಷ್ಟೂ ಕಾಲ ಬಳಕೆದಾರರ ಕೈಯಿಂದ ತಪ್ಪಿದ್ದು ಹೆಸರು, ಲಾಂಛನ ಮಾತ್ರ. ಕೋಡ್ ಅವರ ಬಳಿಯೇ ಇತ್ತು.

ಫಾಂಟ್‌ಗಳಿಗೆ ಇದೇ ವ್ಯವಸ್ಥೆ, ಎಸ್‌ಐಎಲ್ ಎಂಬ ಸಂಸ್ಥೆ ರೂಪಿಸಿದ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದೆ. ಕರ್ತೃ ಬಯಸಿದರೆ ಹೆಸರನ್ನು ಕಾಯ್ದಿರಿಸಬಹುದು. ಅನುಮತಿ ಇಲ್ಲದೆ ತಿದ್ದಿದ ಪ್ರತಿ ಆ ಹೆಸರನ್ನು ಹೊರುವಂತಿಲ್ಲ. ಕನ್ನಡ ಫಾಂಟ್ ರೂಪಿಸುವ ಪ್ರತಿಯೊಬ್ಬರೂ ಹೆಸರು ಕಾಯ್ದಿರಿಸುವ ಈ ಸಾಲನ್ನು ಲೈಸೆನ್ಸ್ ಕಡತದಲ್ಲಿ ಬರೆಯಲೇಬೇಕು ಎನ್ನುತ್ತೇನೆ.

ಇದರಿಂದ ತೊಂದರೆಯೇ ಇಲ್ಲವೆಂದಲ್ಲ. ಹೆಸರು ಬದಲಾದರೆ ಹಳೆಯ ಕಡತಗಳು ಹೊಸ ಫಾಂಟ್ ಅನ್ನು ತಾವಾಗಿ ಗುರುತಿಸುವುದಿಲ್ಲ. ಪುಟವಿನ್ಯಾಸ ಮಾಡುವವರು ಪ್ರತಿ ಕಡತದಲ್ಲೂ ಅದನ್ನು ಮತ್ತೆ ಆರಿಸಬೇಕು. ಅಷ್ಟು ಶ್ರಮವನ್ನು ನಾವು ಬಳಸುವವರೇ ಹೊರಬೇಕು. ಇನ್ನೊಬ್ಬರ ತಪ್ಪಿಗೆ ಮೂಲ ವಿನ್ಯಾಸಕರು ಉತ್ತರ ಕೊಡುತ್ತಾ ಕೂರುವುದಕ್ಕಿಂತ ಅದು ಎಷ್ಟೋ ಹಗುರ.