ಸೀರೆ ನಮ್ಮದು, ಮುಖ ಯಾರದು?

ಹಬ್ಬ ಬಂತು ಅಂದ್ರೆ ಊರ ತುಂಬ ರೇಷ್ಮೆ ಸೀರೆಯ ಜಾಹೀರಾತು. ಬಹುತೇಕ ಎಲ್ಲದರಲ್ಲೂ ಹಾಲುಬಿಳುಪಿನ ಹುಡುಗಿಯರೇ. ಇಳಕಲ್ ಸೀರೆ ನೇಯುವವರು, ದಿನಾ ಉಡುವವರು ಉತ್ತರ ಕರ್ನಾಟಕದ ಬಿಸಿಲಲ್ಲಿ ದುಡಿಯುವ ಜನ. ಅದನ್ನು ಮಾರಲು ಮಾತ್ರ ಅವರ ಮೈಬಣ್ಣ ಬೇಡವಂತೆ. ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇದು ಅಲ್ಲಿಗೇ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಗಿಳಿಹಸಿರು ಸೀರೆ ಕೇಳಿದರೆ, "ನಿಮ್ಮ ಕಲರ್‌ಗೆ ಇದು ಹೊಂದಲ್ಲ ಮೇಡಂ" ಅಂತಾರೆ. ಆ ಮಾತು ಎಷ್ಟು ಚುಚ್ಚುತ್ತೆ ಗೊತ್ತಾ? ಹದಿನಾರರ ಹುಡುಗಿ ಕೇಳಿಸಿಕೊಂಡರೆ ಮತ್ತೆಂದೂ ಆ ಬಣ್ಣ ಮುಟ್ಟಲ್ಲ.

ಬಿಳಿಯಾಗಿಸುವ ಕ್ರೀಮಿನ ಜಾಹೀರಾತಲ್ಲಿ ಕಪ್ಪು ಬಣ್ಣದವರನ್ನು ಕೀಳಾಗಿ ತೋರಿಸಬಾರದು ಎಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ಹೇಳಿದೆ. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆಯಿತು. ಆದರೆ ಸೀರೆಯ ಜಾಹೀರಾತಲ್ಲಿ ಕಪ್ಪು ಹುಡುಗಿಯನ್ನು ಯಾರೂ ಕೀಳಾಗಿ ತೋರಿಸಲ್ಲ. ಅವಳನ್ನು ತೋರಿಸುವುದೇ ಇಲ್ಲ! ಅದನ್ನು ಯಾವ ನಿಯಮ ಹಿಡಿಯುತ್ತದೆ?

ತೋರಿಸಿದರೂ ಹೇಗೆ ತೋರಿಸುತ್ತಾರೆ ಅನ್ನೋದು ಬೇರೆ ಸಂಕಟ. 2018ರಲ್ಲಿ ಎಚ್ ಅಂಡ್ ಎಂ ಎಂಬ ಬಟ್ಟೆ ಕಂಪನಿ ತನ್ನ ಜಾಹೀರಾತಿನ ಚಿತ್ರದಲ್ಲಿ ಕಪ್ಪು ಹುಡುಗನಿಗೆ 'ಮಂಗ' ಎಂದು ಬರೆದ ಅಂಗಿ ತೊಡಿಸಿತ್ತು. ಅಷ್ಟು ದೊಡ್ಡ ಕಂಪನಿಯಲ್ಲಿ ಒಬ್ಬರಾದರೂ ತಡೆಯಬಾರದಿತ್ತೇ?

ಇನ್ನು ಗಂಡಸರ ಪಂಚೆಯ ಜಾಹೀರಾತು. ಪಂಚೆಯುಟ್ಟವನು ಕಾರಿಂದ ಇಳಿದರೆ ಜನ ಕೈಮುಗಿಯುತ್ತಾರೆ. ಸೀರೆಯುಟ್ಟವಳು ಕನ್ನಡಿ ಮುಂದೆ ನಾಚುತ್ತ ನಿಲ್ಲಬೇಕು, ಗಂಡ ಬಂದು ಮೆಚ್ಚಬೇಕು. ಸೀರೆಯುಟ್ಟೇ ಗದ್ದೆಯಲ್ಲಿ ನಾಟಿ ಮಾಡುವವರು, ಶಾಲೆಯಲ್ಲಿ ಪಾಠ ಹೇಳುವವರು ನಮ್ಮ ಸುತ್ತಲೇ ಇದ್ದಾರೆ ಅಲ್ವಾ? ಅವರಲ್ಲಿ ಒಬ್ಬರನ್ನಾದರೂ ತೋರಿಸಿ.